ಓಕ್ ಪೀಪಾಯಿಯೂ ಶಾರ್ಡನೇ ರಸವೂ

ಮನೆಮಂದಿಯೊಡನೆ ವೈನ್ ಮಾಡುವ ಮುನಿರತ್ನಮ್ಮ ಶಾರ್ಡನೇ ದ್ರಾಕ್ಷಿಯ ರಸವನ್ನು ಓಕ್ ಮರದ ಪೀಪಾಯಿಗೆ ಸುರಿದಳು.

"ಬಾಮ್ಮ ಸೊಸೆ," ಎಂದಿತು ಪೀಪಾಯಿ. "ನನ್ನೊಳಗೆ ಬಂದವರೆಲ್ಲ ನನ್ನ ವಾಸನೆಯನ್ನೇ ಹೊತ್ತು ಹೋಗಿದ್ದಾರೆ. ತವರಿನ ರುಚಿ ಇನ್ನು ಮರೆತುಬಿಡು."

ಮೊದಲೇ ಮೆದು ಸ್ವಭಾವದ ರಸ. ತನ್ನ ರುಚಿ ಹೋಯಿತೆಂದೇ ಆರು ತಿಂಗಳು ಜೀವ ಕೈಯಲ್ಲಿ ಹಿಡಿದು ಕೂತಿತು.

ವೈನ್ ಆದ ದಿನ ಮುನಿರತ್ನಮ್ಮ ಒಂದು ಗುಟುಕು ಕುಡಿದು ಗಂಡನನ್ನು ಕೂಗಿದಳು: "ರೀ, ನೋಡಿ ಬನ್ನಿ! ನಮ್ಮ ತೋಟದ ದ್ರಾಕ್ಷಿಯದೇ ರುಚಿ. ಈ ಮೆದು ರಸಕ್ಕೆ ಹೊಸ ಪೀಪಾಯಿ ಬೇಡ ಅಂದಿದ್ದು ಇದಕ್ಕೇ. ಹತ್ತು ವರ್ಷದ ಈ ಹಳೇದರ ವಾಸನೆಯೆಲ್ಲ ಯಾವಾಗಲೋ ಮುಗಿದಿದೆ."

ವೈನಿಗೆ ಹೋದ ಜೀವ ಬಂತು. "ಅಲ್ಲ ಅತ್ತೆ, ಸುಮ್ಮನೆ ಹೆದರಿಸಿದಿರಾ?"

"ಏನು ಮಾಡಲಿ ತಾಯಿ," ಎಂದಿತು ಪೀಪಾಯಿ, "ನನ್ನಲ್ಲಿ ಉಳಿದಿರೋದು ಅದೊಂದೇ."