ಗುಂಡಿ ಒತ್ತಿದ ಕೈ

ಅರಸೀಕೆರೆಯ ಪೇಟೆಬೀದಿಯಲ್ಲಿ ಒಂದು ಪಾತ್ರೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಇಬ್ಬರು ಸೊಸೆಯರು. ದೊಡ್ಡವಳು ವಿಮಲಾಕ್ಷಿ, ಚಿಕ್ಕವಳು ಚಂದ್ರಿಕಾ. ಇಬ್ಬರ ಮೇಲೆ ಅತ್ತೆ ಪಾರ್ವತಮ್ಮ. ಅಂಗಡಿಯ ಕೊಳದಪ್ಪಲೆಯಿಂದ ಹಿಡಿದು ಅಡುಗೆಮನೆಯ ಉಪ್ಪಿನ ಡಬ್ಬಿಯವರೆಗೆ ಅವರ ಮಾತೇ ಕೊನೆ.

ಪಾರ್ವತಮ್ಮ ಒಮ್ಮೆ ಯಾರಿಗಾದರೂ ಹೆಸರಿಟ್ಟರೆ ಅದು ತಾಮ್ರದ ಚೊಂಬಿನ ಮೇಲೆ ಕೊರೆಸಿದ ಹಾಗೆ. ದೊಡ್ಡ ಸೊಸೆಗೆ ತಾಳ್ಮೆಯವಳು ಎಂದು ಹೆಸರಿಟ್ಟಿದ್ದರು, ಚಿಕ್ಕವಳಿಗೆ ಆತುರಗೇಡಿ ಎಂದು. ಚಂದ್ರಿಕಾ ಮದುವೆಯಾಗಿ ಬಂದ ಹೊಸದರಲ್ಲಿ ಕುಕ್ಕರಿನ ಹಬೆ ಇಳಿಯುವ ಮುನ್ನವೇ ಮುಚ್ಚಳ ತೆಗೆಯಲು ಹೋಗಿ ಬೇಳೆಯನ್ನು ಸೂರಿಗೆ ಹಾರಿಸಿದ್ದಳು. ಆಮೇಲೆ ಆ ಸೂರಿಗೆ ಎಷ್ಟೋ ಸಲ ಸುಣ್ಣ ಬಳಿದಾಯಿತು. ಬೇಳೆಯ ಕಲೆ ಹೋಯಿತು, ಹೆಸರು ಹೋಗಲಿಲ್ಲ.

ಓರಗಿತ್ತಿಯರಿಬ್ಬರಿಗೂ ಓದುವ ಹುಚ್ಚು. ಮಧ್ಯಾಹ್ನ ಊಟವಾದ ಮೇಲೆ ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂತು ಒಬ್ಬಳು ಪ್ರಶ್ನೆ ಕೇಳುವಳು, ಇನ್ನೊಬ್ಬಳು ಉತ್ತರ ಹೇಳುವಳು. ಹಾಗಿರುವಾಗ ಟೀವಿಯ ಒಂದು ವಾಹಿನಿಯವರು ಸಾಮಾನ್ಯ ಜ್ಞಾನದ ಪಂದ್ಯಾವಳಿ ನಡೆಸುತ್ತೇವೆ, ಒಂದು ಮನೆಯಿಂದ ಇಬ್ಬರು ಬನ್ನಿ ಎಂದು ಸಾರಿದರು. ಇವರು ಹೋದರು. ಒಂದು ಸುತ್ತು ಗೆದ್ದರು, ಇನ್ನೊಂದು ಗೆದ್ದರು. ನೋಡನೋಡುತ್ತ ಅಂತಿಮ ಪಂದ್ಯಕ್ಕೆ ಬಂದುಬಿಟ್ಟರು.

ಅದೇ ಹೊತ್ತಿನಲ್ಲಿ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಪಾತ್ರೆ ಅಂಗಡಿಯ ಪಕ್ಕದಲ್ಲಿದ್ದ ಅವರದೇ ಮಳಿಗೆ ಖಾಲಿಯಾಗಿತ್ತು. ಅಲ್ಲಿ ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆ ಕೊಡುವ ಸಾಮಾನುಗಳ ಅಂಗಡಿ ತೆರೆಯಬೇಕು, ಅದನ್ನು ತಾನೇ ನೋಡಿಕೊಳ್ಳಬೇಕು ಎಂಬುದು ಚಂದ್ರಿಕಾಳ ಆಸೆ. ಆಸೆ ಎಂದರೆ ಸಣ್ಣದಲ್ಲ, ಯಾವ ಗೂಡಿನಲ್ಲಿ ಯಾವ ದೀಪ ಇಡಬೇಕು ಎನ್ನುವವರೆಗೆ ಯೋಚಿಸಿಟ್ಟಿದ್ದಳು. ಪಾರ್ವತಮ್ಮ ಅರೆಮನಸ್ಸಿನಿಂದ ಒಪ್ಪಿದ್ದರು.

ಪಂದ್ಯಕ್ಕೆ ಹೊರಡುವಾಗ ಪಾರ್ವತಮ್ಮ ಇಬ್ಬರ ಹಣೆಗೂ ಕುಂಕುಮ ಇಟ್ಟು ಒಂದು ಮಾತು ಹೇಳಿದರು.

"ಚಂದ್ರಿ, ಆ ಗುಂಡಿ ನೀನು ಮುಟ್ಟಕೂಡದು. ನಿನ್ನ ಕೈ ಒಂದು ಕಡೆ ನಿಲ್ಲಲ್ಲ. ಏನಿದ್ರೂ ವಿಮಲ ಒತ್ತಲಿ."

"ಆಯ್ತು ಅತ್ತೆ," ಎಂದಳು ಚಂದ್ರಿಕಾ.

ಗುಂಡಿ ಎಂದರೆ ಬಜರ್. ಕೊನೆಯ ಸುತ್ತಿನಲ್ಲಿ ಯಾರು ಮೊದಲು ಬಜರ್ ಒತ್ತುತ್ತಾರೋ ಅವರದು ಉತ್ತರ. ಉತ್ತರ ತಪ್ಪಾದರೆ ಇದ್ದ ಅಂಕವೂ ಕಳೆಯುತ್ತದೆ. ಒಂದು ಜೋಡಿಗೆ ಒಂದೇ ಬಜರ್, ಇಬ್ಬರ ನಡುವೆ ಮೇಜಿನ ಮೇಲೆ.

ಆ ಸುತ್ತು ಬರುವ ಹೊತ್ತಿಗೆ ಎರಡು ಜೋಡಿಗಳ ಅಂಕವೂ ಸಮ ಸಮ. ತಲೆಯ ಮೇಲೆ ದೀಪಗಳು ಸುಡುತ್ತಿದ್ದವು. ಎದುರಿನ ಮೇಜಿನಲ್ಲಿ ದಾವಣಗೆರೆಯ ಅಪ್ಪ ಮಗಳು. ಆ ಅಪ್ಪನ ಬೆರಳು ಬಜರಿನ ಮೇಲೆಯೇ ಆಡುತ್ತಿತ್ತು. ವಿಮಲಾಕ್ಷಿ ಅದನ್ನೇ ನೋಡುತ್ತಿದ್ದಳು. ನೋಡಿದಷ್ಟೂ ಅವಳ ಕೈ ಬಜರಿನ ಹತ್ತಿರ ಹತ್ತಿರ ಸರಿಯಿತು. ಅವರು ಒತ್ತಿಬಿಟ್ಟರೆ? ಈಗಲೇ ಒತ್ತಿಬಿಟ್ಟರೆ?

ನಿರೂಪಕರು ಓದತೊಡಗಿದರು. "ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ..."

ಅದು ಯಾವ ಸಮುದ್ರ ಸೇರುತ್ತದೆ ಎಂದೇ ಕೇಳುತ್ತಾರೆ ಎಂದುಕೊಂಡು ವಿಮಲಾಕ್ಷಿ ಒತ್ತಿಯೇಬಿಟ್ಟಳು. ಚಂದ್ರಿಕಾ "ಅಕ್ಕ, ತಡೀರಿ" ಎನ್ನುವಷ್ಟರಲ್ಲಿ ಉತ್ತರವೂ ಹೊರಬಿದ್ದಿತ್ತು.

"ಬಂಗಾಳ ಕೊಲ್ಲಿ."

ನಿರೂಪಕರು ನಕ್ಕರು. "ಪ್ರಶ್ನೆ ಇನ್ನೂ ಮುಗಿದಿರಲಿಲ್ಲ, ಅಮ್ಮ. ಕಾವೇರಿಯನ್ನು ಭಾಗಮಂಡಲದಲ್ಲಿ ಸೇರುವ ನದಿ ಯಾವುದು ಅಂತ ಇತ್ತು."

ಎದುರಿನ ಹುಡುಗಿ ನಿಧಾನವಾಗಿ ಕನ್ನಿಕೆ ಎಂದಳು. ಅದೇ ಸರಿ. ಪಂದ್ಯ ಅಲ್ಲಿಗೇ ಕೈಬಿಟ್ಟು ಹೋಯಿತು. ಚಂದ್ರಿಕಾಳಿಗೆ ಆ ಉತ್ತರ ಗೊತ್ತಿತ್ತು. ಅವಳು ಅದನ್ನು ಆಗಲೂ ಹೇಳಲಿಲ್ಲ, ದಾರಿಯುದ್ದಕ್ಕೂ ಹೇಳಲಿಲ್ಲ.

ಜೊತೆಗೆ ಬಂದಿದ್ದ ವಿಮಲಾಕ್ಷಿಯ ಯಜಮಾನರನ್ನು ವಾಹಿನಿಯವರು ಹೊರಗಿನ ಕೋಣೆಯಲ್ಲಿ ಕೂರಿಸಿದ್ದರು. ಒಳಗೆ ಕೂತು ಚಪ್ಪಾಳೆ ತಟ್ಟಿದವರೆಲ್ಲ ಬೇರೆ ಊರಿನವರು. ಹೀಗಾಗಿ ಒಳಗೆ ಏನಾಯಿತು ಎಂಬುದು ಮನೆಯವರ ಪೈಕಿ ಇವರಿಬ್ಬರಿಗೇ ಗೊತ್ತು. ಕಾರ್ಯಕ್ರಮ ಟೀವಿಯಲ್ಲಿ ಬರುವುದು ಒಂದು ತಿಂಗಳ ಮೇಲೆ, ಅಲ್ಲಿಯತನಕ ಯಾರಿಗೂ ಫಲಿತಾಂಶ ಹೇಳಬೇಡಿ ಎಂದು ವಾಹಿನಿಯವರು ಹೇಳಿ ಕಳಿಸಿದ್ದರು. ಪಾರ್ವತಮ್ಮನಿಗೆ ಹೇಳದೆ ಇರಲು ಆಗುತ್ತದೆಯೇ? ಬಾಗಿಲಲ್ಲೇ ನಿಂತಿದ್ದರು.

"ಸೋತ್ವಿ ಅತ್ತೆ. ಗುಂಡಿ ಬೇಗ ಒತ್ತಿದ್ದಕ್ಕೆ," ಎಂದಳು ವಿಮಲಾಕ್ಷಿ. ನಾನು ಒತ್ತಿದೆ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಪಾರ್ವತಮ್ಮ ಚಿಕ್ಕವಳ ಕಡೆ ತಿರುಗಿಬಿಟ್ಟರು.

"ನೀನೇ ತಾನೆ? ಮುಟ್ಟಬೇಡ ಅಂತ ಕುಂಕುಮ ಇಟ್ಟು ಹೇಳಿ ಕಳಿಸಿದ್ದೆ."

"ನಾನಲ್ಲ ಅತ್ತೆ."

"ಮತ್ತಿನ್ಯಾರು, ವಿಮಲನಾ? ಅವಳು ಹಾಲು ಉಕ್ಕೋವರೆಗೂ ಒಲೆ ಮುಂದೆ ಕಣ್ಣು ಮಿಟುಕಿಸದೆ ನಿಲ್ಲೋಳು."

ಚಂದ್ರಿಕಾ ಅಕ್ಕನ ಮುಖ ನೋಡಿದಳು. ವಿಮಲಾಕ್ಷಿ ಆ ಕಣ್ಣನ್ನು ತಪ್ಪಿಸಿ, ಚಪ್ಪಲಿ ಬಿಡುತ್ತ ಅಂದಳು, "ಹೋಗ್ಲಿ ಬಿಡಿ ಅತ್ತೆ. ಇನ್ನೂ ಚಿಕ್ಕವಳು."

ನೋಡಿ, ಎಂಥ ಸಲೀಸಾದ ಮಾತು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಂದ್ರಿಕಾ ಚಿಕ್ಕವಳು ಹೌದು. ಆದರೆ ಆ ಒಂದು ಮಾತಿನಿಂದ ತಪ್ಪು ಚಿಕ್ಕವಳ ಪಾಲಿಗೆ ಬಂತು, ದೊಡ್ಡವಳಿಗೆ ದೊಡ್ಡ ಮನಸ್ಸಿನವಳು ಎಂಬ ಹೊಗಳಿಕೆ ಬಂತು. ಚಂದ್ರಿಕಾ ವಾದಕ್ಕಿಳಿಯಲಿಲ್ಲ.

"ಟೀವೀಲಿ ಬರುತ್ತಲ್ಲ ಅತ್ತೆ, ಆಗ ನೋಡಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನವೇ ಪಾರ್ವತಮ್ಮ ತೀರ್ಪು ಕೊಟ್ಟರು. "ಗುಂಡಿ ಮುಂದೆ ಕೈ ನಿಲ್ಲದವಳು ಅಂಗಡಿಯಲ್ಲಿ ಗಿರಾಕಿ ಮುಂದೆ ಹೇಗೆ ನಿಲ್ತಾಳೆ? ಆ ಮಳಿಗೆ ಬಾಡಿಗೆಗೆ ಕೊಡೋಣ." ಟೀವಿಯಲ್ಲಿ ಬರುವ ತನಕವಾದರೂ ತಡೆಯಿರಿ ಎಂದು ಚಂದ್ರಿಕಾ ಕೇಳಿಕೊಂಡಳು. ಅವರು ಅದಕ್ಕೆ ಮಾತ್ರ ಒಪ್ಪಿದರು.

ಅಂದಿನಿಂದ ವಿಮಲಾಕ್ಷಿಯ ನೆಮ್ಮದಿ ಹಾರಿಹೋಯಿತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಉಕ್ಕುವ ಹಾಲಿನ ಮುಂದೆ ನಿಂತವಳು ಹಾಲು ಉಕ್ಕಿ ಒಲೆ ಆರಿದರೂ ನಿಂತೇ ಇದ್ದಳು. ಪಾರ್ವತಮ್ಮ ಅದಕ್ಕೂ ಚಂದ್ರಿಕಾಳನ್ನೇ ಬೈದರು, ನೀನು ಹೋಗಿ ನೋಡಬಾರದಿತ್ತಾ ಎಂದು. ಬೀದಿಯಲ್ಲಿ ಯಾರಾದರೂ ಪಂದ್ಯದ ವಿಷಯ ಎತ್ತಿದರೆ ಸಾಕು, ವಿಮಲಾಕ್ಷಿ ಸೆರಗು ಸರಿಮಾಡಿಕೊಂಡು ಒಳಗೆ ನಡೆದುಬಿಡುವಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುವುದು ಸುಮ್ಮನೆ ಅಲ್ಲ.

ಎಷ್ಟೋ ಸಲ ಹೇಳಿಬಿಡೋಣ ಎಂದು ಅತ್ತೆಯ ಕೋಣೆಯ ತನಕ ಹೋದಳು. ಹೋದಾಗಲೆಲ್ಲ ಪಾರ್ವತಮ್ಮ, "ಬಾಮ್ಮ, ನೀನೊಬ್ಬಳು ಇದ್ದೀಯಲ್ಲ, ನನಗೆ ಅಷ್ಟೇ ಸಾಕು," ಎನ್ನುವರು. ಅಷ್ಟು ಪ್ರೀತಿಯ ಮುಂದೆ ಬಾಯಿ ಬರುತ್ತಿರಲಿಲ್ಲ. ಹಾಗೇ ವಾಪಸು ಬಂದು ಇನ್ನಷ್ಟು ಚಡಪಡಿಸುವಳು.

ಮಧ್ಯಾಹ್ನದ ಪ್ರಶ್ನೆ ಉತ್ತರ ನಿಂತುಹೋಗಿತ್ತು. ಚಂದ್ರಿಕಾ ಮಾತ್ರ ದಿನ ಬೆಳಗಾದರೆ ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲುವಳು. ಇಡೀ ಲೋಕದಲ್ಲಿ ಅವಳ ಪರವಾಗಿ ಸಾಕ್ಷಿ ಹೇಳಲು ಇದ್ದದ್ದು ಆ ಟೀವಿ ಪೆಟ್ಟಿಗೆ ಒಂದೇ.

ಕಾರ್ಯಕ್ರಮ ಬರುವ ಭಾನುವಾರ ಬಂತು. ಅಕ್ಕಪಕ್ಕದವರೆಲ್ಲ ಹಜಾರದಲ್ಲಿ ಜಮಾಯಿಸಿದರು. ಚಂದ್ರಿಕಾ ಎಲ್ಲರಿಗೂ ಮಂಡಕ್ಕಿ ಕೊಟ್ಟು, ಟೀವಿಯ ಎದುರಿಗೇ ಕೂತಳು. ವಿಮಲಾಕ್ಷಿ ಹಿಂದೆ ಕಂಬಕ್ಕೆ ಒರಗಿ ನಿಂತು, ದೇವರೇ, ಕರೆಂಟ್ ಹೋಗಲಿ ಎಂದು ಬೇಡಿಕೊಂಡಳು. ದಿನಾ ಆ ಹೊತ್ತಿಗೆ ತಪ್ಪದೆ ಹೋಗುತ್ತಿದ್ದ ಕರೆಂಟ್ ಅಂದು ಕದಲಲಿಲ್ಲ.

ಪಂದ್ಯ ಶುರುವಾಯಿತು. ಒಂದೊಂದು ಸರಿಯುತ್ತರಕ್ಕೂ ಹಜಾರದಲ್ಲಿ ಚಪ್ಪಾಳೆ. ಬಜರ್ ಸುತ್ತು ಬಂತು. ಇನ್ನೇನು ಆ ಪ್ರಶ್ನೆ ಬರಬೇಕು ಎನ್ನುವಷ್ಟರಲ್ಲಿ ಜಾಹೀರಾತು. ಸೋಪು, ಸೀರೆ, ಸಿಮೆಂಟು ಎಲ್ಲ ಮುಗಿದು ಕಾರ್ಯಕ್ರಮ ಮತ್ತೆ ಬಂದಾಗ ನಿರೂಪಕರು ಗೆದ್ದವರ ಕೈಗೆ ಪಾರಿತೋಷಕ ಕೊಡುತ್ತಿದ್ದರು. ಸಮಯ ಸಾಲದೆ ಆ ಪ್ರಶ್ನೆಯನ್ನೇ ಕತ್ತರಿಸಿ ತೆಗೆದಿದ್ದರು.

ವಿಮಲಾಕ್ಷಿಯ ಎದೆಯ ಮೇಲಿನ ಬಂಡೆ ಇಳಿಯಿತು. ಬದುಕಿದೆ ಎಂದುಕೊಂಡಳು. ಇನ್ನು ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ.

"ಸದ್ಯ, ಅದನ್ನ ತೋರಿಸಲಿಲ್ಲ. ಮನೆ ಮರ್ಯಾದೆ ಉಳೀತು," ಎಂದರು ಪಾರ್ವತಮ್ಮ. "ಚಂದ್ರಿ, ನಾಳೆ ಆ ಮಳಿಗೆ ಕೇಳ್ತಿದ್ದೋರಿಗೆ ಬರೋಕೆ ಹೇಳ್ತೀನಿ. ಸರಿ ತಾನೆ?"

ಚಂದ್ರಿಕಾ ಟೀವಿಯ ಕಡೆಯೇ ನೋಡುತ್ತಿದ್ದಳು. ಪರದೆಯಲ್ಲಿ ಕೊನೆಯ ಸಲ ಓರಗಿತ್ತಿಯರಿಬ್ಬರನ್ನೂ ಮೇಜಿನ ಒಂದು ಬದಿಯಿಂದ ತೋರಿಸುತ್ತಿದ್ದರು. ವಿಮಲಾಕ್ಷಿಯೂ ನೋಡಿದಳು. ಆಗ ಅವಳಿಗೆ ಕಂಡದ್ದು ತನ್ನ ಮುಖವಲ್ಲ. ಪಕ್ಕದಲ್ಲಿ ಚಂದ್ರಿಕಾಳ ಎರಡೂ ಕೈ. ಒಂದರೊಳಗೊಂದು ಹೆಣೆದು, ಬಿಗಿಯಾಗಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸೋತ ಮೇಲೂ ಬಿಚ್ಚಿರಲಿಲ್ಲ. ಆತುರಗೇಡಿ ಅನ್ನಿಸಿಕೊಂಡವಳು ಅತ್ತೆ ಹೇಳಿದ ಮಾತನ್ನು ಅಷ್ಟು ಹೊತ್ತು ಹಾಗೆ ಪಾಲಿಸಿದ್ದಳು. ವಿಮಲಾಕ್ಷಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

"ಅತ್ತೆ, ಗುಂಡಿ ಒತ್ತಿದ್ದು ನಾನು," ಎಂದಳು ಗಟ್ಟಿಯಾಗಿ.

ಪಾರ್ವತಮ್ಮ ತಿರುಗಿ ನೋಡಿದರು. ಅವರ ಕಣ್ಣು ತುಂಬಿಬಂತು. ಅಕ್ಕಪಕ್ಕದವರ ಕಡೆ ಕೈ ತೋರಿಸಿ, "ನೋಡಿದ್ರಾ ನನ್ನ ದೊಡ್ಡ ಸೊಸೆನಾ? ತಂಗಿಗೆ ಅಂಗಡಿ ತಪ್ಪಬಾರದು ಅಂತ ಅವಳ ತಪ್ಪನ್ನ ತಾನು ಹೊತ್ಕೋತಾಳೆ," ಎಂದರು.

ಹಜಾರದವರು ತಲೆದೂಗಿದರು. ಸುಳ್ಳನ್ನು ಒಂದೇ ಉಸಿರಿನಲ್ಲಿ ನಂಬಿದವರು ಈಗ ನಿಜ ಹೇಳಿದರೆ ನಂಬುತ್ತಿಲ್ಲ. ಸುಮ್ಮನಿದ್ದರೆ ಮೊದಲಿಗಿಂತ ದೊಡ್ಡ ಹೊಗಳಿಕೆ. ಬೇಕಾದರೆ ಅಲ್ಲಿಗೇ ಬಿಟ್ಟು ಕೂರಬಹುದಿತ್ತು, ನಾನಂತೂ ಹೇಳಿದೆನಪ್ಪ ಎಂದು.

ವಿಮಲಾಕ್ಷಿ ಬಿಡಲಿಲ್ಲ. ಮುಂದೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅತ್ತೆ, ಅವತ್ತು ಬಾಗಿಲಲ್ಲಿ 'ಹೋಗ್ಲಿ ಬಿಡಿ, ಇನ್ನೂ ಚಿಕ್ಕವಳು' ಅಂದೆನಲ್ಲ. ಅದು ದೊಡ್ಡ ಮನಸ್ಸಲ್ಲ. ನನ್ನ ತಪ್ಪನ್ನ ಅವಳ ತಲೆಗೆ ಕಟ್ಟಿ, ಮೇಲೆ ಅವಳನ್ನ ಕ್ಷಮಿಸಿದ ಹಾಗೆ ಆಡಿದೆ. ಕಳ್ಳತನ ಮಾಡಿ, ಕಳ್ಕೊಂಡವಳಿಗೇ ಬುದ್ಧಿ ಹೇಳಿದ ಹಾಗಾಯ್ತು. ಈ ಒಂದು ತಿಂಗಳು ನಾನು ನಿದ್ದೆ ಮಾಡಿಲ್ಲ. ನೀವು ಇಟ್ಟ ಹೆಸರು ಉಳಿಸ್ಕೊಳ್ಳೋಕೆ ಅವಳ ಅಂಗಡಿ ಹೋಗ್ತಿದ್ರೂ ಬಾಯಿ ಮುಚ್ಕೊಂಡಿದ್ದೆ. ಅವಳು ಅವತ್ತು ಗುಂಡಿ ಹತ್ರಾನೂ ಬಂದಿಲ್ಲ."

ತನ್ನನ್ನು ಹೊಗಳಿಕೊಳ್ಳಲು ಯಾರೂ ಹೀಗೆ ಮಾತಾಡುವುದಿಲ್ಲ. ಅದು ಪಾರ್ವತಮ್ಮನಿಗೂ ಗೊತ್ತಾಯಿತು. ಚಿಕ್ಕ ಸೊಸೆಯ ಕಡೆ ತಿರುಗಿದರು.

"ಮತ್ತೆ ನೀನ್ಯಾಕಮ್ಮ ಬಾಯಿಬಿಟ್ಟು ಹೇಳಲಿಲ್ಲ?"

"ಹೇಳಿದ್ನಲ್ಲ ಅತ್ತೆ," ಎಂದಳು ಚಂದ್ರಿಕಾ. "ನೀವು ಕೇಳಿಸ್ಕೊಳ್ಳಲಿಲ್ಲ."

ಪಾರ್ವತಮ್ಮ ತಲೆ ತಗ್ಗಿಸಿದರು. ಸೊಂಟದ ಬೀಗದ ಕೈ ಗೊಂಚಲಿನಿಂದ ಆ ಮಳಿಗೆಯ ಕೀಲಿಯನ್ನು ಬಿಡಿಸತೊಡಗಿದರು. ಗೊಂಚಲಿನ ಉಂಗುರ ಬಿಗಿಯಾಗಿದ್ದುದರಿಂದ ಅದು ಬೇಗ ಬರಲಿಲ್ಲ. ಚಂದ್ರಿಕಾ ಕೈ ಚಾಚಿ ಕಿತ್ತುಕೊಳ್ಳಲಿಲ್ಲ, ಅದು ಬರುವ ತನಕ ಸುಮ್ಮನೆ ಕಾದಳು. ಆತುರಗೇಡಿ ಎಂಬ ಮಾತನ್ನು ಆ ಮನೆಯಲ್ಲಿ ಆಮೇಲೆ ಯಾರೂ ಆಡಲಿಲ್ಲ.

ವಿಮಲಾಕ್ಷಿ ಓರಗಿತ್ತಿಯ ಮುಖ ನೋಡಿದಳು. ಹೋಗ್ಲಿ ಬಿಡಿ ಅಕ್ಕ ಎನ್ನುತ್ತಾಳೆ ಎಂದುಕೊಂಡಿದ್ದಳೋ ಏನೋ. ಚಂದ್ರಿಕಾ ಹಾಗನ್ನಲಿಲ್ಲ. ಅವಳಿಗೆ ನೋವು ಇನ್ನೂ ಇತ್ತು. ವಿಮಲಾಕ್ಷಿ ಅಂದು ರಾತ್ರಿ ಮಾತ್ರ ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ, ವಿಮಲಾಕ್ಷಿ ಒಬ್ಬಳೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಂದ್ರಿಕಾ ಹೊಸ ಅಂಗಡಿಯ ಬಾಗಿಲು ಹಾಕಿಕೊಂಡು ಊಟಕ್ಕೆ ಬಂದವಳು, ಉಂಡು ಎದುರಿಗೆ ಬಂದು ಕೂತು ಒಂದು ಕಟ್ಟು ಸೊಪ್ಪು ಎತ್ತಿಕೊಂಡಳು.

"ಅಕ್ಕ, ಭಾಗಮಂಡಲದಲ್ಲಿ..."

ವಿಮಲಾಕ್ಷಿ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಸೊಪ್ಪನ್ನು ಕೆಳಗಿಟ್ಟು, ಎರಡೂ ಕೈಯನ್ನು ಮಡಿಲಲ್ಲಿ ಹೆಣೆದುಕೊಂಡು, "ಹೇಳಮ್ಮ, ಪೂರ್ತಿ ಕೇಳಿಸ್ಕೋತೀನಿ," ಎಂದಳು.

ನೀತಿ: ಕೈತಪ್ಪು ಯಾರಿಂದಲೂ ಆಗುತ್ತದೆ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಮೇಲೆ ಅವರನ್ನು ಕ್ಷಮಿಸಿದವರಂತೆ ನಿಲ್ಲುವುದು ಆ ತಪ್ಪಿಗಿಂತ ದೊಡ್ಡ ತಪ್ಪು. ಒಳ್ಳೆಯ ಹೆಸರಿದ್ದವರ ಸುಳ್ಳನ್ನು ಜನ ಕೇಳದೆಯೇ ನಂಬುತ್ತಾರೆ. ಆದ್ದರಿಂದ ಅಂಥವರು, ಯಾರೂ ನೋಡದಿದ್ದರೂ, ಮೊದಲು ಬಾಯಿಬಿಟ್ಟು ನಿಜ ಹೇಳಬೇಕು.