ಎಡಕ್ಕೆ ಬೀಳದ ಹೂವು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರಾದ ಚನ್ನವೀರಪ್ಪನವರು. ಅವರು ಇದನ್ನು ನಮ್ಮ ಮಠದ ಸ್ವಾಮಿಗಳಾದ ಅಜ್ಜಾರ ಬಾಯಿಂದಲೇ ಕೇಳಿದವರು. ಅಜ್ಜಾರಿಗೆ ಪ್ರಶ್ನೆ ಹಾಕಿದವಳು ಚನ್ನವೀರಪ್ಪನವರ ತಮ್ಮನ ಮಗಳು ದಾಕ್ಷಾಯಿಣಿ. ಪ್ರಶ್ನೆ ಇಷ್ಟೇ:

“ಅಜ್ಜಾರ, ಬ್ಯಾಡ ಅನ್ನಾಕ ಒಬ್ಬರಿಗೆ ಎಷ್ಟು ಹೊತ್ತು ಬೇಕ್ರಿ?”

ಅಜ್ಜಾರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದರು. “ಯಾರು ಬ್ಯಾಡ ಅಂದ್ರು, ತಂಗಿ?”

“ಯಾರೂ ಅನ್ನವಲ್ಲರು. ಅದಕ್ಕ ಕೇಳಾಕ ಹತ್ತೀನಿ.”

ಸಂಗತಿಯನ್ನು ಚನ್ನವೀರಪ್ಪನವರೇ ಅಜ್ಜಾರ ಮುಂದೆ ಬಿಡಿಸಿ ಹೇಳಿದರು. ದಾಕ್ಷಾಯಿಣಿಗೆ ದೇಶ ದೇಶಗಳ ನಡುವಿನ ವ್ಯವಹಾರವನ್ನು ಓದಬೇಕೆಂಬ ಆಸೆ. ಒಂದು ದೇಶ ಇನ್ನೊಂದರೊಡನೆ ಏಕೆ ಜಗಳವಾಡುತ್ತದೆ, ಆ ಜಗಳವನ್ನು ಮಾತಿನಿಂದ ಹೇಗೆ ಬಿಡಿಸಬೇಕು ಎಂಬ ವಿದ್ಯೆ ಅದು. ಅದಕ್ಕೆಂದು ಹೊರದೇಶದ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಚಳಿಗಾಲದಲ್ಲಿ ಅರ್ಜಿ ಹಾಕಿದ್ದಳು. ಉತ್ತರ ಯುಗಾದಿಯ ಸುಮಾರಿಗೆ ಬರುತ್ತದೆ ಎಂದು ತಿಳಿದಿತ್ತು. ಯುಗಾದಿ ಹೋಯಿತು. ಬಸವ ಜಯಂತಿ ಹೋಯಿತು. ಕಾರಹುಣ್ಣಿಮೆಯೂ ಬಂತು. ಈ ನಡುವೆ ಬಂದ ಮಾತು ಒಂದೇ: ನಿಮ್ಮನ್ನು ವೇಟಿಂಗ್ ಲಿಸ್ಟಿನಲ್ಲಿ ಇಟ್ಟಿದ್ದೇವೆ, ನಿಮ್ಮ ತಾಳ್ಮೆಗೆ ಧನ್ಯವಾದ.

“ಅರ್ಜಿ ಇಸಕೊಳ್ಳಾಕ ಅವರಿಗೆ ತಡ ಆಗಲಿಲ್ಲರಿ” ಎಂದಳು ದಾಕ್ಷಾಯಿಣಿ. “ನಾ ಕೊಡದ ತಾಳ್ಮೆಗೆ ಧನ್ಯವಾದ ಹೇಳ್ಯಾರ.”

ಮನೆಯಲ್ಲಿ ಎಲ್ಲರೂ ಅವಳಿಗೆ ತಾಳು ಎಂದಿದ್ದರು. ತಾಳು ಎನ್ನುವುದು ಸುಲಭ. ಹೇಳುವವನ ಗಂಟು ಏನೂ ಹೋಗುವುದಿಲ್ಲ. ಅವಳ ಸೋದರತ್ತೆ ಒಬ್ಬಳು ಮಾತ್ರ, “ಕನ್ಯಾ ನೋಡಾಕ ಬಂದವರೂ ಹಿಂಗ ಕಾಯಿಸೂದಿಲ್ಲ ಬಿಡವಾ. ಉಪ್ಪಿಟ್ಟು ತಿಂದು ಬಸ್ಸು ಹತ್ತೂದರೊಳಗ ಅವರ ಮಾರಿ ಮ್ಯಾಲೆ ತಿಳೀತೈತಿ” ಎಂದಿದ್ದಳು.

ಇನ್ನೊಂದು ಮಾತನ್ನೂ ಚನ್ನವೀರಪ್ಪನವರು ಹೇಳಿದರು. ಧಾರವಾಡದ ಒಂದು ಶಾಲೆಯವರು ಮಕ್ಕಳಿಗೆ ಪಾಠ ಹೇಳಲು ಬಾ ಎಂದು ಅವಳನ್ನು ಕರೆದಿದ್ದರು. ತಿಳಿಸುತ್ತೇನೆ ಎಂದಿದ್ದಳು. ಶಾಲೆ ಆಗಲೇ ಶುರುವಾಗಿತ್ತು, ಅವಳು ಇನ್ನೂ ತಿಳಿಸಿರಲಿಲ್ಲ. ದಾಕ್ಷಾಯಿಣಿ ಆ ಮಾತಿಗೆ ಕಿವಿಗೊಡಲಿಲ್ಲ. ಅವಳ ಸಿಟ್ಟೆಲ್ಲ ಹೊರದೇಶದ ಕಡೆಗಿತ್ತು.

“ಎಲ್ಲಾರೂ ತಾಳು ಅಂದ್ರು. ನಾನೂ ಅದನ್ನ ಅಂತೀನಿ ಅಂತ ಬಂದೀಯೇನು?” ಎಂದು ಅಜ್ಜಾರು ಕೇಳಿದರು.

“ಹೌದ್ರಿ. ನೀವು ಅಂದ ಕೂಡಲೆ ಎದ್ದು ಹೋಗಬೇಕಂತ ಬಂದೀನಿ.”

ಅಜ್ಜಾರು ನಕ್ಕರು. “ನಾ ಅನ್ನೂದಿಲ್ಲ. ಕುಂಡ್ರು” ಎಂದು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ರಾಯಭಾರಿಗಳನ್ನು ತಯಾರು ಮಾಡುವ ಗುರುಕುಲವಿತ್ತು. ಬೇರೆ ರಾಜರ ಭಾಷೆ, ಅವರ ಸಭೆಯಲ್ಲಿ ಕೂರುವ ಏಳುವ ರೀತಿ, ಸಿಟ್ಟನ್ನು ನುಂಗುವ ಬಗೆ, ಎರಡು ಕಡೆಯವರೂ ಒಪ್ಪುವ ಮಾತನ್ನು ಹುಡುಕುವ ಬಗೆ, ಇವನ್ನೆಲ್ಲ ಅಲ್ಲಿ ಕಲಿಸುತ್ತಿದ್ದರು. ಯಾರನ್ನು ಸೇರಿಸಿಕೊಳ್ಳಬೇಕೆಂದು ಗುರುಕುಲದ ದೇವಿಯೇ ಹೇಳಬೇಕು. ಸೇರಲು ಬಂದವನು ಒಂದು ಹೂವು ತರುತ್ತಿದ್ದ. ಪೂಜಾರಿ ಅದನ್ನು ನೀರಿನಲ್ಲಿ ಅದ್ದಿ ದೇವಿಯ ನೆತ್ತಿಯ ಮೇಲೆ ಇಡುತ್ತಿದ್ದ. ಬಲಕ್ಕೆ ಬಿದ್ದರೆ ಒಳಗೆ ಬಾ ಎಂದು ಅರ್ಥ. ಎಡಕ್ಕೆ ಬಿದ್ದರೆ ಮನೆಗೆ ಹೋಗು ಎಂದು ಅರ್ಥ. ಒಂದು ವೀಳ್ಯದೆಲೆ ಮೆಲ್ಲುವಷ್ಟರಲ್ಲಿ ತೀರ್ಮಾನವಾಗುತ್ತಿತ್ತು. ಎಡಕ್ಕೆ ಬಿದ್ದವರು ಅಳುತ್ತಿದ್ದರು. ಅತ್ತು, ಮುಖ ತೊಳೆದು, ಪ್ರಸಾದ ಉಂಡು, ಊರಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಿದ್ದರು.

ಆಮೇಲೆ ಒಬ್ಬ ಹೊಸ ಪೂಜಾರಿ ಬಂದ. ಮೆತ್ತನೆಯ ಮನುಷ್ಯ. ಅವನು ಬಂದ ದಿನವೇ ಒಬ್ಬ ವ್ಯಾಪಾರಿಯ ಮಗನ ಹೂವು ಎಡಕ್ಕೆ ಬಿತ್ತು. ಮಗ ಅತ್ತ. ವ್ಯಾಪಾರಿ ಪೂಜಾರಿಯನ್ನು ಬಾಯಿಗೆ ಬಂದಂತೆ ಬೈದು ಹೋದ. ಪೂಜಾರಿಗೆ ಅವತ್ತು ಊಟ ಸೇರಲಿಲ್ಲ. ಮರುದಿನದಿಂದ ಅವನು ಒಂದು ಉಪಾಯ ಮಾಡಿದ. ಹೂವು ಬಲಕ್ಕೆ ಜಾರಿದರೆ ಜಾರಲು ಬಿಟ್ಟ. ಎಡಕ್ಕೆ ಜಾರತೊಡಗಿದರೆ, ಆರತಿ ಎತ್ತುವ ನೆಪದಲ್ಲಿ ಕೈ ಚಾಚಿ, ಗಂಧ ಮೆತ್ತಿದ ಬೆರಳಿನಿಂದ ಅದನ್ನು ಅಲ್ಲೇ ಒತ್ತಿ ನಿಲ್ಲಿಸಿದ. ಗಂಧ ಒಣಗಿದ ಮೇಲೆ ಹೂವು ಎತ್ತಲೂ ಬೀಳಲಿಲ್ಲ.

ಹೊರಗೆ ಬಂದು ಕಾಯುವವನಿಗೆ ಹೇಳಿದ: “ದೇವಿ ಯೋಚನಿ ಮಾಡಾಕ ಹತ್ಯಾಳ. ನಿನ್ನ ಹೂವು ಇನ್ನೂ ಮ್ಯಾಲೈತಿ. ಎಷ್ಟು ಮಂದಿಗೆ ಐತಿ ಇಂಥ ಭಾಗ್ಯ?”

ಇಲ್ಲಿ ಅಜ್ಜಾರ ದನಿ ಏರಿತು. ಅವರ ದನಿ ಏರಿದ್ದನ್ನು ತಾವು ಅದಕ್ಕೂ ಮೊದಲು ಕೇಳಿರಲಿಲ್ಲ ಎಂದು ಚನ್ನವೀರಪ್ಪನವರು ನನಗೆ ಹೇಳಿದರು.

“ದೇವಿ ಅವತ್ತ ಹೇಳಿ ಮುಗಿಸಿದ್ದಳು, ತಂಗಿ. ಆಕಿಯ ಮಾತಿಗೆ ಬೆರಳು ಅಡ್ಡ ಇಟ್ಟವ ಅವ. ತಡಾ ಮಾಡಿದಳು ಅನ್ನೂ ಹೆಸರು ಬಂದದ್ದು ಆಕಿಗೆ. ದೇವರ ಹಿಂದ ನಿಂತು ತನ್ನ ಅಂಜಿಕಿ ಮುಚ್ಚಿಕೊಂಡವ ಅದಕ್ಕ ಕರುಣಾ ಅಂತ ಹೆಸರಿಟ್ಟುಕೊಂಡ.”

ಅಂಗಳದಲ್ಲಿ ಕಾಯುವವರು ತುಂಬಿಕೊಂಡರು. ಸುಮ್ಮನೆ ಕೂರಬಾರದೆಂದು ಅಂಗಳ ಗುಡಿಸಿದರು, ದೀಪಕ್ಕೆ ಎಣ್ಣೆ ತಂದರು, ಹಿತ್ತಿಲಿಗೆ ನೀರು ಹೊತ್ತರು. ಒಳಗಿನವನೊಬ್ಬ ಓಡಿಹೋದರೆ ಆ ಜಾಗಕ್ಕೆ ಹೊರಗಿನವನೊಬ್ಬ ಸಿಗುತ್ತಾನೆಂದು ಗುರುಕುಲದವರೂ ಸುಮ್ಮನಿದ್ದರು. ದಾರಿಹೋಕರು ಅಂಗಳ ನೋಡಿ, ಎಂಥ ದೊಡ್ಡ ಗುರುಕುಲ, ಬಾಗಿಲಲ್ಲಿ ಎಷ್ಟು ಜನ ಎಂದು ಕೈ ಮುಗಿದರು. ಆ ಹೆಸರು ಯಾರ ಆಯುಷ್ಯ ತಿಂದು ಬೆಳೆಯುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ಕಾಯುವವರು ತಮ್ಮತಮ್ಮಲ್ಲಿ ಶಕುನ ನೋಡತೊಡಗಿದರು. ಇವತ್ತು ಪೂಜಾರಿ ನನ್ನನ್ನು ನೋಡಿ ಕೆಮ್ಮಿದ, ಅದರ ಅರ್ಥವೇನು ಎಂದು ಒಬ್ಬ ಕೇಳಿದರೆ, ನನ್ನನ್ನು ನೋಡಿ ಕೆಮ್ಮಲಿಲ್ಲ, ಇದರ ಅರ್ಥವೇನು ಎಂದು ಇನ್ನೊಬ್ಬ ಕೇಳುವನು.

“ಅವರಿಗೆ ಸಿಟ್ಟು ಬರಲಿಲ್ಲೇನ್ರಿ?” ಎಂದು ದಾಕ್ಷಾಯಿಣಿ ನಡುವೆ ಕೇಳಿದಳು.

“ಬಂತು. ಸಿಟ್ಟು ಮಾಡಿದರ ಹೂವು ಎಡಕ್ಕ ಬಿದ್ದೀತು ಅಂತ ಅಂಜಿಕಿ. ಹಿಂಗಾಗಿ ನಕ್ಕೋತ ಕುಂತರು.”

ಆ ಅಂಗಳದಲ್ಲಿ ಒಬ್ಬ ಅಂಬಿಗನೂ ಇದ್ದ. ಅವನ ಹೊಳೆಯ ಈಚೆ ದಡ ಒಬ್ಬ ರಾಜನದು, ಆಚೆ ದಡ ಇನ್ನೊಬ್ಬ ರಾಜನದು. ಅವನಿಗೆ ಎರಡೂ ದಡದ ಭಾಷೆ ಬರುತ್ತಿತ್ತು. ಈಚೆಯವರು ಆಚೆಯವರಿಗೆ ಬೈದು ಹೇಳಿಕಳುಹಿಸಿದರೆ, ಅರ್ಧ ಬೈಗುಳವನ್ನು ಹೊಳೆಯ ನಡುವೆಯೇ ಇಳಿಸಿ ಹೋಗುತ್ತಿದ್ದ. ಇದೇ ಕೆಲಸವನ್ನು ರಾಜರ ನಡುವೆ ಮಾಡಬೇಕು ಎಂಬುದು ಅವನ ಆಸೆ. ಆಸೆ ಕೆಟ್ಟದ್ದಲ್ಲ. ದೋಣಿಯನ್ನು ದಡದ ಮರಕ್ಕೆ ಸರಪಳಿಯಿಂದ ಬಿಗಿದು, ಹುಟ್ಟನ್ನು ಮನೆಯೊಳಗಿಟ್ಟು, ಊರವರಿಗೆ ತಿಳಿಸುತ್ತೇನೆ ಎಂದು ಹೇಳಿ ಬಂದಿದ್ದ. ಬರುವಾಗ ತನ್ನ ದಡದ ಕೆಂಪು ಕಣಗಿಲೆ ಹೂವು ತಂದಿದ್ದ. ದೇವಿಯ ನೆತ್ತಿಯ ಮೇಲಿಟ್ಟ ಕೂಡಲೇ ಅದು ಎಡಕ್ಕೆ ಜಾರಿತು. ಪೂಜಾರಿಯ ಬೆರಳು ಅದನ್ನು ನಿಲ್ಲಿಸಿತು. ಅಂಬಿಗ ಕಣ್ಣು ಮುಚ್ಚಿ ಕೈ ಮುಗಿದಿದ್ದ.

ಮಳೆಗಾಲಕ್ಕೆ ಮುಂಚೆ ಅವನ ಊರಿನ ಹಿರಿಯನೊಬ್ಬ ಹುಡುಕಿಕೊಂಡು ಬಂದ.

“ಬರ್ತೀಯೋ ಇಲ್ಲೋ ಹೇಳಿಬಿಡು. ಮ್ಯಾಲಿನ ಊರಾಗ ಒಬ್ಬ ಅಂಬಿಗ ಅದಾನ. ನೀ ಬರೂದಿಲ್ಲ ಅಂದ್ರ ಅವ ಬರ್ತಾನ. ನೀ ಬಿಡೂತನಕ ಅವ ಆ ಹೊಳಿಗೆ ಇಳಿಯೂದಿಲ್ಲ. ನಿಮ್ಮ ಮನಿತನದ ಹಕ್ಕು ಅದು.”

ಬರುತ್ತೇನೆ ಎಂದರೆ ಗುರುಕುಲ ತಪ್ಪೀತು. ಬರುವುದಿಲ್ಲ ಎಂದರೆ, ನಾಳೆ ದೇವಿ ಒಲ್ಲೆ ಎಂದಾಗ ಹೊಳೆಯೂ ಇಲ್ಲದಂತಾದೀತು. ಅಂಬಿಗ ಎರಡನ್ನೂ ಲೆಕ್ಕ ಹಾಕಿ, “ತಿಳಿಸ್ತೀನಿ” ಎಂದ.

“ಯಾವಾಗ?”

“ದೇವಿ ನನಗ ತಿಳಿಸಿದ ಮ್ಯಾಲೆ.”

ದೇವಿಯ ಹೆಸರಿಗೆ ಹಿರಿಯ ಎದುರಾಡಲಿಲ್ಲ. ಬಂದ ದಾರಿಯಲ್ಲೇ ಹೋದ.

ಗರ್ಭಗುಡಿ ತೊಳೆಯುವ ದಿನ ಬಂತು. ನೀರು ತರುವ ಕೆಲಸ ಅಂಬಿಗನ ಪಾಲಿಗೆ ಬಿದ್ದಿತ್ತು. ಕೊಡ ಹೊತ್ತು ಹೊಸ್ತಿಲ ಹತ್ತಿರ ಹೋದಾಗ ಒಳಗೆ ಪೂಜಾರಿ ಕಂಡ. ಅವನು ದೇವಿಯ ನೆತ್ತಿಯ ಮೇಲಿನ ಹೂವುಗಳನ್ನು ತಾಮ್ರದ ಚಮಚದಿಂದ ಒಂದೊಂದಾಗಿ ಎಬ್ಬಿಸುತ್ತಿದ್ದ. ಹಳೆಯ ಗಂಧ ಕೆರೆದು, ಹೊಸ ಗಂಧ ಹಚ್ಚಿ, ಮತ್ತೆ ಇದ್ದಲ್ಲೇ ಒತ್ತುತ್ತಿದ್ದ. ಆಗ ಅವನ ಕೈಯಲ್ಲಿದ್ದದ್ದು ಕೆಂಪು ಕಣಗಿಲೆ.

ಅಂಬಿಗ ಕೊಡ ಇಳಿಸಿದ. “ಏನ್ರಿ ಇದು?”

ಪೂಜಾರಿ ನಾಚಲಿಲ್ಲ. “ನಿನ್ನ ಮನಸ್ಸು ಮುರೀಬಾರದು ಅಂತ, ತಮ್ಮಾ” ಎಂದ.

“ಮನಸ್ಸು ನಂದು. ಮುರದಿದ್ರ ನಾನ ಕೂಡಿಸಿಕೊಳ್ತಿದ್ದೆ. ಹೋದ ದಿವಸ ಯಾರು ಕೂಡಿಸಿ ಕೊಡ್ತಾರ್ರಿ?”

ಅಂಬಿಗ ಅವನ ಕೈಯಿಂದ ಹೂವನ್ನು ಕಸಿದುಕೊಂಡ. ಅಂಗಳಕ್ಕೆ ಬಂದು, ಒಳಗೆ ಹೋಗಿ ನಿಮ್ಮನಿಮ್ಮ ಹೂವು ನೋಡಿಕೊಳ್ಳಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೆಲವರು ಎದ್ದರು. ಉಳಿದವರು, ನಮ್ಮ ಹೂವಿಗೆ ಹಾಗೆ ಮಾಡಿರಲಿಕ್ಕಿಲ್ಲ ಎಂದು ಕುಳಿತೇ ಇದ್ದರು.

ಅಂಬಿಗ ಊರಿನ ದಾರಿ ಹಿಡಿದ. ಊರಿಗೆ ಹೋಗಿ ಆ ಪೂಜಾರಿಯ ಬಣ್ಣ ಬಯಲು ಮಾಡುತ್ತೇನೆ, ಕೇಳಿದವರು ಉಗಿಯಬೇಕು, ಹಾಗೆ ಹೇಳುತ್ತೇನೆ ಎಂದು ಮಾತು ಜೋಡಿಸುತ್ತ ನಡೆದ.

ಹೊಳೆ ಮುಟ್ಟಿದಾಗ ದಡದಲ್ಲಿ ಅವನ ಊರಿನ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಅವಳ ತವರು ಆಚೆ ದಡದಲ್ಲಿ. ಪಕ್ಕದ ಮರಕ್ಕೆ ಬಿಗಿದ ದೋಣಿ ಬಿಸಿಲಿಗೆ ಸೀಳು ಬಿಟ್ಟಿತ್ತು. ಅಂಬಿಗ ಅವಳ ಮುಂದೆಯೇ ಶುರು ಮಾಡಿದ. ಹೂವು, ಗಂಧ, ಚಮಚ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣು ಕೆಂಪಾದವು. ಅವಳು ಪೂರ್ತಿ ಕೇಳಿದಳು.

ಆಮೇಲೆ ಅವಳು ಹೇಳಿದಳು: “ನಮ್ಮವ್ವ ಹಾಸಿಗಿ ಹಿಡದಾಳ ಅಂತ ಆಚೆಯವರು ದಂಡಿಗೆ ನಿಂತು ಕೂಗಿ ಹೇಳಿದ್ರು. ಅವತ್ತಿಂದ ದಿನಾ ಇಲ್ಲೇ ಬಂದು ಕುಂಡ್ರತಿದ್ದೆ. ನಿನ್ನೆ ಆಚೆ ಸುಡಗಾಡದಾಗ ಹೊಗಿ ಎದ್ದಿತು. ಈಚೆ ಕುಂತು ನೋಡಿದೆ.”

ಅಂಬಿಗ ಆಚೆ ದಡದ ಕಡೆ ನೋಡಿದ.

“ಬರೂದಿಲ್ಲ ಅಂತ ನೀ ಒಂದು ಮಾತು ಹೇಳಿದ್ದಿದ್ರ ಮ್ಯಾಲಿನ ಊರ ಅಂಬಿಗ ಬರತಿದ್ದ.”

“ಪೂಜಾರಿ ನನಗ ಹೇಳಲಿಲ್ಲ ತಂಗಿ.”

“ಪೂಜಾರಿ ನನಗ ಯಾರೂ ಅಲ್ಲಪಾ” ಎಂದಳು ಅವಳು. “ನಾ ಕಾದದ್ದು ನಿನಗ.”

ಅಜ್ಜಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ದಾಕ್ಷಾಯಿಣಿಯ ಮುಖ ಇನ್ನೂ ಬಿಗಿದುಕೊಂಡೇ ಇತ್ತು.

“ಆ ಪೂಜಾರಿಗೆ ಏನಾತ್ರಿ?”

“ಅದನ್ನ ದೇವಿ ನೋಡಿಕೊಳ್ತಾಳ. ಆಕಿ ಮರಿಯೂದಿಲ್ಲ.”

“ಅಂಥವನ್ನ ಬಿಡಬಾರದ್ರಿ ಅಜ್ಜಾರ. ಒಂದು ಮಾತು ಹೇಳಾಕ ಅವನ ಗಂಟು ಏನು ಹೋಗತಿತ್ತು?”

“ಬಿಡಬಾರದು” ಎಂದು ಅಜ್ಜಾರೂ ಒಪ್ಪಿದರು. ಕೆಳಗಿಟ್ಟಿದ್ದ ವಿಭೂತಿ ಗಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಆಮೇಲೆ ಕೇಳಿದರು:

“ಧಾರವಾಡದ ಮಕ್ಕಳ ಹೂವಿಗೆ ಗಂಧ ಹಚ್ಚಿದವರು ಯಾರವಾ?”

ಓದಿದವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಒಂದು ಮಾತಿಗಾಗಿ ಯಾರಾದರೂ ದಡದಲ್ಲಿ ಕುಳಿತಿದ್ದರೆ, ಮೊದಲು ಎದ್ದು ಹೋಗಿ ಅವರಿಗೆ ಹೌದೋ ಅಲ್ಲವೋ ಹೇಳಿ ಬನ್ನಿ. ಬಂದ ಮೇಲೆ ಈ ಕತೆಯನ್ನು ಇನ್ನೊಬ್ಬರಿಗೆ ದಾಟಿಸಿ.