ಬನ್ನಿ ಮರದ ಕೆಳಗಿನ ಕಡಲೆ

“ಅಜ್ಜಾರ, ವಿಷ ಹೊಡದು ಎಲ್ಲಾರ ಹೊಟ್ಟಿ ತುಂಬಸೂದು ಧರ್ಮೋ, ವಿಷ ಮುಟ್ಟದ ಅರ್ಧ ಮಂದೀಗೆ ಉಣಿಸಿ ಉಳದಾವರನ್ನ ಬರಿಗೈಲೆ ಕಳಸೂದು ಧರ್ಮೋ?”

ಮಠದ ಸ್ವಾಮಿಗಳಾದ ಅಜ್ಜಾರನ್ನು ಹೀಗೆ ಕೇಳಿದವನು ಚರಂತಯ್ಯ. ಮಠದ ಹೊಲ ನೋಡಿಕೊಳ್ಳುವವನೂ ಅವನೇ, ದಾಸೋಹದ ಉಗ್ರಾಣ ನೋಡಿಕೊಳ್ಳುವವನೂ ಅವನೇ. ಹೊರಗೆ ಅಂಗಳದಲ್ಲಿ ಎಣ್ಣೆ ಹೊಡೆಯುವ ಆಳು ಪಂಪನ್ನು ಬೆನ್ನಿಗೇರಿಸಿಕೊಂಡು ನಿಂತಿದ್ದ. ಎಣ್ಣೆ ಎಂದರೆ ಒಗ್ಗರಣೆಯ ಎಣ್ಣೆಯಲ್ಲ, ಹುಳ ಸಾಯಿಸುವ ಔಷಧ. ಆ ಸೀಮೆಯಲ್ಲಿ ಅದಕ್ಕೆ ಹಾಗೇ ಅನ್ನುತ್ತಾರೆ. ಮಠದ ತೊಗರಿ ಹೂವು ಕಳೆದು ಕಾಯಿ ಕಟ್ಟಿತ್ತು. ಕಾಯಿಗೆ ಹುಳ ಬಿದ್ದಿತ್ತು. ಹೊಡೆ ಅಂದರೆ ಆಳು ಹೊಲಕ್ಕೆ ಹೋಗಬೇಕು, ಬೇಡ ಅಂದರೆ ಮನೆಗೆ ಹೋಗಬೇಕು. ಎರಡರಲ್ಲೊಂದು ಹೇಳಿ ಅನ್ನುವಂತೆ ಅವನು ಆಗಲೇ ಕೆಮ್ಮಿ ತೋರಿಸಿದ್ದ.

ಚರಂತಯ್ಯನಿಗೆ ಎರಡೂ ಮಾತು ಬಾಯಿಗೆ ಬರುತ್ತಿರಲಿಲ್ಲ. ಹೋದ ವರ್ಷ ಅವನು ಬೇಡ ಅಂದಿದ್ದ. ತಿಪ್ಪೆಗೊಬ್ಬರ ಹಾಕಿಸಿ, ಬೇವಿನ ಬೀಜ ಅರೆದು ಸಿಂಪಡಿಸಿ, ಇದ್ದಬದ್ದ ಭಕ್ತರನ್ನೆಲ್ಲ ಕರೆದು ಗಿಡ ಅಲುಗಾಡಿಸಿ ಹುಳ ಉದುರಿಸಿದ್ದ. ಆದರೂ ಬೆಳೆ ಅರ್ಧಕ್ಕೇ ಬಂತು. ಬೇಸಿಗೆಯ ಹೊತ್ತಿಗೆ ಬೇಳೆಯ ಗುಡಾಣದ ತಳ ಕಂಡಿತು. ಸಾರು ನೀರಾಯಿತು. ಕಡೆಗೆ ಒಂದು ಮಧ್ಯಾಹ್ನ ಕೂತ ಪಂಗತಿಯನ್ನೇ ಎಬ್ಬಿಸಿ ಕಳಿಸಬೇಕಾಯಿತು. ತಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು, “ಇರಲಿ ಬಿಡಪ್ಪಾ, ಇದ್ದಾಗ ಹಾಕೀರಂತ” ಅಂದು ಹೋಗಿದ್ದಳು. ಬೈದು ಹೋಗಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಈ ವರ್ಷವೂ ಹಾಗೆ ಆಗುವುದು ಬೇಡ ಎಂದುಕೊಂಡರೆ ಪಂಪಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಹೊಡೆದ ಹೊಲದಲ್ಲಿ ಗುಬ್ಬಿ ಕೂಡ ಇಳಿಯದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗುಬ್ಬಿ ತಿನ್ನದ್ದನ್ನು ಪ್ರಸಾದ ಅಂತ ಬಡಿಸುವುದು ಹೇಗೆ? ಬಡಿಸದಿದ್ದರೆ ಮುದುಕಿಗೆ ಏನು ಹೇಳುವುದು? ರಾತ್ರಿಯೆಲ್ಲ ಯೋಚಿಸಿ ತಲೆ ಕೆಟ್ಟು ಹೋಗಿತ್ತು.

ಒಂದು ವಿಷಯದಲ್ಲಿ ಮಾತ್ರ ಅವನಿಗೆ ಗೊಂದಲ ಇರಲಿಲ್ಲ. ಬಾವಿಯ ಮಗ್ಗುಲಿನ ತುಂಡು ಹೊಲಕ್ಕೆ ಯಾವ ಕಾಲಕ್ಕೂ ಎಣ್ಣೆ ಹೊಡೆಸುವುದಿಲ್ಲ. ಅಲ್ಲಿ ಬೆಳೆದದ್ದು ಅಜ್ಜಾರ ತಾಟಿಗೆ. ಕಾಯಿಲೆ ಬಿದ್ದು ಎದ್ದ ಮೇಲೆ ಅಜ್ಜಾರ ಹೊಟ್ಟೆ ಏನನ್ನೂ ತಡೆಯುತ್ತಿರಲಿಲ್ಲ. ಅವರ ಬೇಳೆಯನ್ನು ಬೇರೆ ಗಡಿಗೆಯಲ್ಲಿ ಇಟ್ಟು, ಬೇರೆ ಬೇಯಿಸಿ, ಅವರ ಕೋಣೆಗೇ ಒಯ್ದು ಕೊಡುತ್ತಿದ್ದ. ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಗುರುವಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದ.

ಅಜ್ಜಾರು ಕಂಬಕ್ಕೆ ಒರಗಿ ಕೂತಿದ್ದರು.

“ಪ್ರಶ್ನಿ ಕೇಳಿದ್ಯೋ, ನಿನ್ನ ತಲಿ ಮ್ಯಾಲಿನ ಮೂಟಿ ನನ್ನ ತಲಿಗೆ ದಾಟಿಸಿದ್ಯೋ?” ಅಂದರು. “ಕೂಡು. ಆ ಆಳಿಗೆ ಪಂಪ ಇಳಿಸಾಕ ಹೇಳು, ಪಾಪ ಬೆನ್ನು ನೋಯತಿರತೈತಿ. ಒಂದು ಕತಿ ಹೇಳತೀನಿ.”

ಒಂದೂರಿನಲ್ಲಿ ಒಬ್ಬ ರೈತನಿದ್ದ. ಕೆಟ್ಟವನಲ್ಲ. ಈ ಕತೆಯಲ್ಲಿ ಕೆಟ್ಟವನು ಯಾವಾಗ ಬರುತ್ತಾನೆ ಅಂತ ಕಾಯುತ್ತಾ ಕೂಡಬೇಡ, ಬರುವುದಿಲ್ಲ ಎಂದು ಅಜ್ಜಾರು ಮೊದಲೇ ಹೇಳಿಬಿಟ್ಟರು. ರೈತನದು ಎರೆಹೊಲ. ಪ್ರತಿ ಹಿಂಗಾರಿಗೂ ಕಡಲೆ ಬಿತ್ತುತ್ತಿದ್ದ. ಒಂದು ವರ್ಷ ಕಡಲೆಗೆ ಹುಳ ಬಿತ್ತು. ವ್ಯಾಪಾರಿಯೊಬ್ಬ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ, ತೂತು ಬಿದ್ದದ್ದು ನನಗೆ ಬೇಡ ಅಂದ. ತುಂಬಿದ ಬಂಡಿಯನ್ನು ಹಾಗೇ ತಿರುಗಿಸಿಕೊಂಡು ಬಂದ ರೈತ ಆ ವರ್ಷ ಹೇಗೆ ಕಳೆದನೋ ಅವನಿಗೇ ಗೊತ್ತು. ಮರುವರ್ಷ ಎಲ್ಲರ ಹಾಗೆ ತಾನೂ ರಾಸಾಯನಿಕ ಗೊಬ್ಬರ ಸುರಿದ, ಎಲ್ಲರ ಹಾಗೆ ತಾನೂ ಎಣ್ಣೆ ಹೊಡೆದ. ಗಿಡ ಹುಲುಸಾಗಿ ಎದ್ದಿತು. ಕಾಯಿಯ ಮೇಲೆ ಒಂದು ಚುಕ್ಕೆಯಿಲ್ಲ.

ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅವಳಿಗೆ ಒಂದೇ ಬಯಕೆ. ಎಳೆಯ ಕಡಲೆಯ ಕುಡಿಗೆ ಹುಳಿ ಇರುತ್ತದಲ್ಲ, ಆ ಕುಡಿಯನ್ನು ಅಪ್ಪನ ಹೊಲದಲ್ಲೇ ಕೂತು, ಹಸಿಹಸಿಯಾಗಿ ಚಿವುಟಿ ತಿನ್ನಬೇಕು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡ ಮಗಳು ಇಷ್ಟು ಕೇಳಿದರೆ ಯಾವ ಅಪ್ಪ ಇಲ್ಲ ಅನ್ನುತ್ತಾನೆ? ಎಣ್ಣೆ ಹೊಡೆಯುವ ಮೊದಲೇ ರೈತ ಒಂದು ಉಪಾಯ ಮಾಡಿದ್ದ. ಹೊಲದ ಮೂಲೆಯಲ್ಲಿ ಬನ್ನಿ ಮರವಿತ್ತು. ಅದರ ಕೆಳಗಿನ ನಾಲ್ಕು ಸಾಲಿಗೆ ಎಣ್ಣೆ ತಾಗಿಸಲಿಲ್ಲ. ದಿನಾ ಹೋಗಿ ಕೈಯಿಂದಲೇ ಹುಳ ಆರಿಸಿ ಒಗೆಯುತ್ತಿದ್ದ. ಊರಲ್ಲಿ ಹಾಗೆ ಮಾಡುತ್ತಿದ್ದವನು ಅವನೊಬ್ಬನೇ ಅಲ್ಲ. ಮನೆಗೆ ಒಂದು ಮೂಲೆ, ಸಂತೆಗೆ ಉಳಿದದ್ದೆಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಎಳ್ಳಮಾವಾಸ್ಯೆ ಬಂತು. ಬೆಳೆ ಹೊತ್ತು ನಿಂತ ಭೂಮಿಯೂ ಬಸುರಿಯೇ ಅಂತ ಅಲ್ಲಿಯವರ ನಂಬಿಕೆ. ಆ ದಿನ ಅವಳ ಬಯಕೆ ತೀರಿಸಬೇಕು. ಸಜ್ಜೆಯ ಕಡಬು, ಎಣಗಾಯಿ, ಮಾದಲಿ ಎಲ್ಲ ಮಾಡಿ ಬುಟ್ಟಿಯಲ್ಲಿ ಹೊತ್ತು ಹೋಗಿ, ಮೊದಲು ಹೊಲದ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಕರೆದವರು, ಕರೆಯದವರು, ದಾರಿಯಲ್ಲಿ ಹೋಗುವವರು ಎಲ್ಲರೂ ಕೂತು ಉಣ್ಣುತ್ತಾರೆ. ಚರಗದ ದಿನ ಹೊಲಕ್ಕೆ ಕಾಲಿಟ್ಟವರನ್ನು ಯಾಕೆ ಬಂದೆ ಅನ್ನುವ ಹಾಗಿಲ್ಲ. ಒಂದು ಹಿಡಿ ಕಿತ್ತುಕೊಂಡರೂ ಕೇಳುವ ಹಾಗಿಲ್ಲ.

ರೈತ ಆ ವ್ಯಾಪಾರಿಯನ್ನೂ ಊಟಕ್ಕೆ ಕರೆದಿದ್ದ. ಈ ಸಲದ ಕಡಲೆಯನ್ನು ಅವನೇ ಎತ್ತಬೇಕಾಗಿತ್ತು. ಬಂದವರನ್ನೆಲ್ಲ ನೆರಳು ಚೆನ್ನಾಗಿದೆ ಎಂದು ನೆವ ಹೇಳಿ ಬನ್ನಿ ಮರದ ಕೆಳಗೇ ಕೂಡಿಸಿದ. ತಾನು ಬುಟ್ಟಿ ಹಿಡಿದು ಚರಗ ಚೆಲ್ಲಲು ಹೊರಟ. ಮೊನ್ನೆ ಮೊನ್ನೆ ಎಣ್ಣೆ ಹೊಡೆದುಕೊಂಡು ಹೋದ ಸಾಲಿನಲ್ಲೇ ಈಗ ಕಡಬು ಎರಚಿಕೊಂಡು ಹೋದ. ಬಸುರಿ ಭೂಮಿಗೆ ಮೊನ್ನೆ ಏನು ಉಣಿಸಿದೆ, ಇವತ್ತು ಏನು ಉಣಿಸುತ್ತಿದ್ದೇನೆ ಎಂದು ಒಂದು ವಿಚಾರ ತಲೆಯಲ್ಲಿ ಎದ್ದಿತು. ಅದು ಪೂರ್ತಿ ಏಳುವ ಮೊದಲೇ ಅವನು ಮುಂದಿನ ಸಾಲಿಗೆ ದಾಟಿದ.

ತಿರುಗಿ ಬಂದು ಉಣ್ಣಲು ಕೂತಾಗ ಕಂಡದ್ದು ಅದು. ಹೊಲದ ನಟ್ಟನಡುವೆ ಒಬ್ಬ ಹೆಂಗಸು ಬಗ್ಗಿದ್ದಳು. ಯಾವ ಊರಿನವಳೋ, ಕೂಲಿಗೆ ಹೊರಟವಳು, ದಾರಿ ಬಿಟ್ಟು ಒಳಗೆ ಬಂದಿದ್ದಳು. ಕಡಲೆಯ ಕುಡಿ ಚಿವುಟಿ ಉಡಿಗೆ ತುಂಬಿಕೊಳ್ಳುತ್ತಿದ್ದಳು. ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಾಗ ಅವಳ ಹೊಟ್ಟೆ ಕಂಡಿತು. ಅವಳೂ ತುಂಬು ಬಸುರಿ.

ತಿನ್ನಬೇಡ, ಅದಕ್ಕೆ ಎಣ್ಣೆ ಹೊಡೆದಿದೆ ಎಂದು ಕೂಗಬೇಕು. ಕೂಗಿದರೆ ಪಕ್ಕದಲ್ಲಿ ಕೂತ ವ್ಯಾಪಾರಿ ಕೇಳುತ್ತಾನೆ. ಬಸುರಿ ತಿನ್ನಬಾರದ ಕಡಲೆಯನ್ನು ಯಾರು ತಿನ್ನಬೇಕಪ್ಪಾ ಎಂದು ಅವನು ಕೇಳಿದರೆ ಏನು ಹೇಳುವುದು? ಮತ್ತೆ ಬಂಡಿ ತಿರುಗಿಸಿಕೊಂಡು ಬರುವುದೇ? ಕೂಗದಿದ್ದರೆ ಆ ಕೂಸಿನ ಗತಿ ಏನು? ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ಅಷ್ಟರಲ್ಲಿ ಅವಳ ಕೈ ಬಾಯ ಹತ್ತಿರ ಹೋಯಿತು.

ರೈತ ಎದ್ದು ನಿಂತು ಚೀರಿದ. “ಏ ಕಳ್ಳಿ, ಯಾರ ಹೊಲ ಅಂತ ತಿಳದಿ? ಕೆಳಗ ಚೆಲ್ಲು ಅದನ್ನ.”

ಎಲ್ಲರ ಕೈ ತಾಟಿನಲ್ಲೇ ನಿಂತಿತು. ಆ ಹೆಂಗಸು ನಂಬಲಾರದೆ ಅವನನ್ನು ನೋಡಿದಳು. “ಚರಗದ ದಿನ ಬಸರಿ ಉಡಿ ಬಿಚ್ಚಸ್ತೀಯೇನೋ ಯಣ್ಣಾ?” ಅಂದಳು. ಅಷ್ಟೇ. ಉಡಿ ಬಿಚ್ಚಿ ಕುಡಿಯನ್ನೆಲ್ಲ ಅಲ್ಲೇ ಝಾಡಿಸಿ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಹೋದಳು.

ರೈತನಿಗೆ ತಾನು ಒಂದು ಜೀವ ಉಳಿಸಿದೆ ಅನ್ನಿಸಿತು. ಅದೇ ಗಳಿಗೆಯಲ್ಲಿ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಎರಡೂ ನಿಜವೇ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ತಿಳಿಯದೆ ಕೂತವನಿಗೆ ಊಟ ಸೇರಲಿಲ್ಲ.

ಆಗ ರೈತನ ಹೆಂಡತಿ, ಬಂದವರ ಮುಂದೆ ಮಾನ ಹೋಯಿತಲ್ಲ ಎಂದು ಅವಸರವಾಗಿ ಎದ್ದು, ವ್ಯಾಪಾರಿಗೆ ರೊಟ್ಟಿಯ ಜೊತೆ ತಿನ್ನಲು ಎದುರಿನ ಸಾಲಿನಿಂದ ಒಂದು ಹಿಡಿ ಕಡಲೆಕುಡಿ ಕಿತ್ತು ತಂದಳು. ವ್ಯಾಪಾರಿ ನಕ್ಕು ಕೈ ಅಡ್ಡ ಹಿಡಿದ.

“ಆ ಸಾಲಿಂದು ಬ್ಯಾಡ ತಂಗಿ. ನಿನ್ನ ಮಗಳು ತಿನ್ನಾಕ ಹತ್ಯಾಳಲ್ಲ, ಆ ಬನ್ನಿ ಗಿಡದ ಬುಡಕಿಂದು ಕೊಡು.”

ರೈತ ಅವನ ಮುಖ ನೋಡಿದ. ವ್ಯಾಪಾರಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಯಾರಿಗೆ ಹೆದರಿ ಬಸುರಿಯನ್ನು ಕಳ್ಳಿ ಅಂದೆನೋ ಅವನಿಗೆ ಮೊದಲೇ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಚುಕ್ಕೆಯಿಲ್ಲದ ಕಾಳು ಬೇಕು ಅಂದಿದ್ದ. ಗೊತ್ತಿದ್ದೇ ಸಂತೆಗೆ ಒಯ್ಯುತ್ತಿದ್ದ. ಮಗಳು ಜಗಿಯುವುದನ್ನು ನಿಲ್ಲಿಸಿದ್ದಳು. ಕೈಯಲ್ಲಿದ್ದ ಕುಡಿಯನ್ನೊಮ್ಮೆ, ನಡುಹೊಲದಲ್ಲಿ ಚೆಲ್ಲಿಬಿದ್ದ ಕುಡಿಯನ್ನೊಮ್ಮೆ ನೋಡಿದಳು. ಹಂಗಾಮು ಮುಗಿದ ಮೇಲೆ ಆ ಕಡಲೆ ಸಂತೆಗೆ ಹೋಯಿತು. ಕೂಲಿಯ ಹೆಂಗಸೂ ಅದೇ ಸಂತೆಯಲ್ಲಿ ಕಾಳು ಕೊಳ್ಳುತ್ತಿದ್ದಳು.

ಅಜ್ಜಾರು ಕತೆ ನಿಲ್ಲಿಸಿ ನೀರು ಕುಡಿದರು.

ಚರಂತಯ್ಯ ಇನ್ನೂ ಏನೋ ಇದೆ ಎಂದು ಕಾದ. ಏನೂ ಬರಲಿಲ್ಲ. ಕೇಳಲು ಬಂದಾಗ ಇದ್ದದ್ದು ಒಂದು ಗೊಂದಲ, ಈಗ ಅದರ ಮೇಲೆ ಇನ್ನೊಂದು ಕೂತಿತ್ತು. ರೈತ ಎಣ್ಣೆ ಹೊಡೆದದ್ದು ತಪ್ಪು ಅನ್ನೋಣವೆಂದರೆ ಹೊಡೆಯದ ವರ್ಷದ ಬಂಡಿ ಕಣ್ಣ ಮುಂದೆ ಬರುತ್ತಿತ್ತು, ಅದರ ಹಿಂದೆಯೇ ತಾಟು ಹಿಡಿದ ಮುದುಕಿ. ಸರಿ ಅನ್ನೋಣವೆಂದರೆ ಆ ಹೆಂಗಸಿನ ಬರಿದಾದ ಉಡಿ. ಅವನಿಗೆ ಅಜ್ಜಾರ ಮೇಲೆ ಸ್ವಲ್ಪ ಸಿಟ್ಟೂ ಬಂತು.

“ಅಲ್ರಿ ಅಜ್ಜಾರ, ಅಕೀನ್ನ ಬನ್ನಿ ಗಿಡದ ಕೆಳಗ ಕರದು, ಆ ನಾಕು ಸಾಲಿನಾಗಿಂದು ಒಂದು ಹಿಡಿ ಕೊಡಬಹುದಿತ್ತಲ್ರಿ,” ಅಂದ.

“ಕೊಡಬಹುದಿತ್ತು. ಅಕಿ ಒಬ್ಬಾಕಿ ಪಾರಾಗತಿದ್ದಳು. ಸಂತ್ಯಾಗಿನ ಮಂದೀನ್ನೆಲ್ಲ ಆ ಗಿಡದ ಕೆಳಗ ಕೂಡಸಾಕ ಬರತಿತ್ತೇನು?”

“ಹಂಗಾರ ಅಂವ ಏನ ಮಾಡಬೇಕಾಗಿತ್ತರಿ? ನಾನರೆ ಈಗ ಏನ ಮಾಡಲಿ? ಹೊಡಿ ಅನ್ನಲೋ, ಬ್ಯಾಡ ಅನ್ನಲೋ?” ಚರಂತಯ್ಯ ಎರಡೂ ಕೈ ಜೋಡಿಸಿದ. “ಒಂದು ಮಾತು ಹೇಳಿಬಿಡ್ರಿ, ಹಂಗ ಮಾಡತೀನಿ.”

ಅಜ್ಜಾರು ಕಂಬ ಹಿಡಿದು ಮೆಲ್ಲಗೆ ಎದ್ದರು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು. ಅಲ್ಲಿಂದ ಬಾವಿ ಕಾಣುತ್ತಿತ್ತು, ಬಾವಿಯ ಮಗ್ಗುಲಿನ ತುಂಡು ಹೊಲವೂ ಕಾಣುತ್ತಿತ್ತು. ಅಲ್ಲಿನ ತೊಗರಿಯನ್ನು ಅವರು ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದರೋ ಚರಂತಯ್ಯನಿಗೆ ಗೊತ್ತಿರಲಿಲ್ಲ.

“ಆ ಬಾವಿ ಮಗ್ಗಲ ಹೊಲಕ್ಕೂ ಇಂದು ಎಣ್ಣಿ ಹೊಡಸಾಂವ ಏನು?” ಎಂದು ತಿರುಗದೆಯೇ ಕೇಳಿದರು.

“ಇಲ್ರಿ ಅಜ್ಜಾರ. ಅದು ತಮ್ಮ ತಾಟಿಂದು.”

ಅಂಗಳದಲ್ಲಿ ಆಳು ಮತ್ತೆ ಪಂಪನ್ನು ಬೆನ್ನಿಗೇರಿಸಿಕೊಂಡ ಸದ್ದಾಯಿತು. ಅವನು ಬಾಗಿಲಿಗೆ ಬಂದು ಚರಂತಯ್ಯನ ಮುಖ ನೋಡುತ್ತಾ ನಿಂತ. ಚರಂತಯ್ಯ ಅಜ್ಜಾರ ಕಡೆ ನೋಡಿದ.

“ಹೊಡಸು, ಬಿಡು, ಅದು ನಿನಗ ಬಿಟ್ಟದ್ದು, ನಾಳಿಂದ ನನ್ನ ತಾಟು ಪಂಗತ್ಯಾಗ ಇಡು,” ಅಂದರು ಅಜ್ಜಾರು.